ಜೇನಿಗೆ ಬೊಟ್ಟು

ಕನ್ನಡಕದ ಕಾಲು ಕಳಚಿಕೊಂಡಿತ್ತು. ಅದಕ್ಕೆ ಹಾಕುವ ಸಾಸಿವೆಗಾತ್ರದ ಸ್ಕ್ರೂ ಹುಡುಕಬೇಕಾದರೆ ಕನ್ನಡಕ ಬೇಕು, ಕನ್ನಡಕ ಬೇಕಾದರೆ ಸ್ಕ್ರೂ ಬೇಕು. ಈ ಫಜೀತಿಯಲ್ಲಿ ಮೇಜಿನ ಖಾನೆಯನ್ನೆಲ್ಲ ನೆಲಕ್ಕೆ ಸುರಿದುಕೊಂಡು ತಡಕಾಡುತ್ತಾ ಕೂತಿದ್ದಾಗ ದುಂಡಗೆ, ನುಣ್ಣಗೆ ಏನೋ ಕೈಗೆ ಸಿಕ್ಕಿತು. ಕಣ್ಣಿಗಿಂತ ಮೊದಲು ಬೆರಳಿಗೇ ಗುರುತು ಹತ್ತಿತು. ಚನ್ನಪಟ್ಟಣದ ಡಬ್ಬಿ. ಅಂಗೈಯಗಲದ ಮರದ ಡಬ್ಬಿ, ಮುಚ್ಚಳ ತಿರುಗಿಸಿದರೆ ಒಳಗೆ ಐದು ಪುಟ್ಟ ಬಟ್ಟಲು. ಕೆಂಪು, ಹಳದಿ, ಹಸಿರು, ನೀಲಿ, ಬಿಳಿ. ಎಲ್ಲ ಒಣಗಿ ಬಿರುಕು ಬಿಟ್ಟಿವೆ.

ನೋಡಿದವರೆಲ್ಲ ಇದನ್ನು ಕುಂಕುಮದ ಭರಣಿ ಅಂದುಕೊಳ್ಳುತ್ತಾರೆ. ನಮ್ಮ ದೊಡ್ಡಮ್ಮನೂ ಹಾಗೇ ಅಂದುಕೊಂಡು, ಬಣ್ಣ ಇನ್ನೂ ಹಸಿಯಾಗಿದ್ದ ಕಾಲದಲ್ಲಿ, ಕೆಂಪು ಬಟ್ಟಲಿಗೆ ಬೆರಳದ್ದಿ ಹಣೆಗಿಟ್ಟುಕೊಂಡು ಮದುವೆ ಮನೆಗೆ ಹೋದಳು. ಆ ಬೊಟ್ಟು ಮೂರು ದಿನ ಹೋಗಲಿಲ್ಲ. ಸ್ಪಿರಿಟ್ಟು ಹಾಕಿ ತಿಕ್ಕಿದ ಮೇಲೆ ಬೊಟ್ಟಿನ ಜೊತೆ ಹಣೆಯ ಸಿಪ್ಪೆಯೂ ಒಂದಿಷ್ಟು ಹೋಯಿತು. ಇರುವ ತನಕ ನನ್ನ ಓದನ್ನು ಬೈಯುವಾಗಲೆಲ್ಲ ಆಕೆ ಹಣೆ ಮುಟ್ಟಿಕೊಂಡೇ ಬೈಯುತ್ತಿದ್ದಳು.

ಆ ಬಣ್ಣ ಮನುಷ್ಯರ ಹಣೆಗಲ್ಲ, ಜೇನುಹುಳದ ಬೆನ್ನಿಗೆ. ನಗಬೇಡಿ. ಒಂದು ಇಡೀ ಹಂಗಾಮು ನಾನು ಮಾಡಿದ ಘನಂದಾರಿ ಕೆಲಸ ಅದೇ. ಸರ್ಕಾರ ಅದಕ್ಕೆ ನನಗೆ ಎಂ.ಎಸ್ಸಿ. ಅಂತ ಕಾಗದವನ್ನೂ ಕೊಟ್ಟಿದೆ.

ನಾನು ಮಾಗಡಿಯವಳು. ರೈಲು ಕಾಣದ ಊರು, ಬಸ್ಸಿಗೆ ಕಾಯುವುದು ನಮ್ಮ ರಕ್ತದಲ್ಲೇ ಇದೆ. ಕಾದು ಕಾದು ನಮ್ಮೂರವರಿಗೆ ತಾಳ್ಮೆ ಬಂದಿದೆ ಅಂತ ಹೊರಗಿನವರು ತಿಳಿಯುತ್ತಾರೆ. ನನಗೆ ಬಂದದ್ದು ಸಿಟ್ಟು. ಚಿಕ್ಕಂದಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಆ ಮೂಗಿಗೇ ಒಮ್ಮೆ ಜೇನು ಕಚ್ಚಿತು ಕೂಡ. ದೀಪಾವಳಿಯ ಹಿಂದಿನ ದಿನ ಸಗಣಿ ಬೆನಕನಿಗೆ ಸಿಕ್ಕಿಸುವುದಕ್ಕೆ ಹುಚ್ಚೆಳ್ಳು ಹೂ ಕಿತ್ತು ತಾ ಅಂತ ಅವ್ವ ಕಳಿಸಿದ್ದಳು. ಹೂವಿನ ವಾಸನೆ ಹೇಗಿದೆ ನೋಡೋಣ ಅಂತ ಮೂಗಿಟ್ಟೆ. ಒಳಗೆ ಯಾರೋ ಮೊದಲೇ ಕೂತಿದ್ದರು. ಆ ಹಬ್ಬದಲ್ಲಿ ನನ್ನ ಮೂಗು ಒಂದು ಕಜ್ಜಾಯದಷ್ಟಾಗಿತ್ತು. ಬೀದಿಯವರೆಲ್ಲ ಬೆನಕನಿಗಿಂತ ಹೆಚ್ಚಾಗಿ ನನ್ನನ್ನೇ ನೋಡಿಕೊಂಡು ಹೋದರು.

ಅಂಥವಳು ಜೇನನ್ನೇ ಓದುವುದಕ್ಕೆ ಹೋದದ್ದು ಜ್ಞಾನದಾಹದಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಕೃಷಿ ಕಾಲೇಜಿನಲ್ಲಿ ವಿಷಯ ಹಂಚುವಾಗ ಜೊತೆಯವರು ಭತ್ತ, ಹತ್ತಿ, ಕಬ್ಬು ಅಂತ ದೊಡ್ಡ ದೊಡ್ಡ ಬೆಳೆ ಹಿಡಿದರು. ಹುಚ್ಚೆಳ್ಳು ಯಾರಿಗೂ ಬೇಡವಾಗಿತ್ತು. ನನಗೆ ಮಾತ್ರ ಹೊಲದ ಕೆಲಸ ಮಾಗಡಿ ಕಡೆ ಬಿದ್ದರೆ ಅವ್ವನ ಕೈ ಊಟ ಸಿಗುತ್ತದೆ ಅಂತ ಹೊಳೆಯಿತು. ನಮ್ಮ ಕಡೆ ಹುಚ್ಚೆಳ್ಳನ್ನೇ ಬೆಳೆಯಾಗಿ ಬಿತ್ತುವವರು ಕಮ್ಮಿ. ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ಸಾಸಿವೆಯ ಜೊತೆ ಅದನ್ನೂ ಚೆಲ್ಲುತ್ತಾರೆ. ಚಳಿ ಶುರುವಾಗುವ ಹೊತ್ತಿಗೆ ಹೊಲದ ತುಂಬ ಹಳದಿ. ಮನೆಗೆ ಬಂದ ಕಾಳು ಚಟ್ನಿಪುಡಿಗೆ, ಮಿಕ್ಕಿದ್ದು ಗಾಣಕ್ಕೆ. ಅದರ ಕಾಳು ಕಟ್ಟುವುದರಲ್ಲಿ ಜೇನಿನ ಪಾಲೆಷ್ಟು, ಯಾವ ಗೂಡಿನ ಹುಳ ಎಲ್ಲಿಯವರೆಗೆ ಹೋಗುತ್ತದೆ, ಹೋದದ್ದೇ ಸಾಲಿಗೆ ದಿನಾ ಹೋಗುತ್ತದೆಯೋ ಅಲೆಯುತ್ತದೆಯೋ, ಇದು ನಾನು ನೋಡಬೇಕಾಗಿದ್ದದ್ದು. ಹೂವಿರುವುದು ಐದಾರು ವಾರ. ಆ ವಾರಗಳು ಕೈತಪ್ಪಿದರೆ ಮುಂದಿನ ವರ್ಷದವರೆಗೆ ಬಾಯಿ ಮುಚ್ಚಿಕೊಂಡು ಕೂರಬೇಕು. ಬಾಯಿ ಮುಚ್ಚಿಕೊಂಡಿರುವುದು ನನ್ನಿಂದಾಗದ ಕೆಲಸ.

ಗೂಡು ಹುಡುಕಿಕೊಂಡು ಅಲೆದಾಗ ಸಿಕ್ಕವಳು ಪುಟ್ಟತಾಯಮ್ಮ. ಕೆಂಪಾಪುರದಿಂದ ಒಸಿ ಒಳಕ್ಕೆ ಅವಳ ಹಳ್ಳಿ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳು ಕನಕಪುರದ ಕಡೆ ಬಾಳುತ್ತಿದ್ದಳು. ಹೊಲ ಒಂದಿಷ್ಟು, ಹಿಪ್ಪುನೇರಳೆ ತೋಟ ಒಂದಿಷ್ಟು, ಮನೆಯೊಳಗೆ ರೇಷ್ಮೆಹುಳ. ಹಿತ್ತಿಲ ಮಣ್ಣಿನ ಗೋಡೆಯಲ್ಲಿ ಅವಳ ಅತ್ತೆಯ ಕಾಲದಲ್ಲಿ ಒಂದು ಮಡಕೆ ಹುದುಗಿಸಿ ಹೊರಕ್ಕೆ ಬೆರಳು ತೂರುವಷ್ಟು ತೂತು ಬಿಟ್ಟಿದ್ದರಂತೆ. ಅದರೊಳಗೆ ತುಡುವೆ ಜೇನು ಸಂಸಾರ ಹೂಡಿ ಎಷ್ಟೋ ವರ್ಷವಾಗಿತ್ತು. ಪುಟ್ಟತಾಯಮ್ಮ ವರ್ಷಕ್ಕೊಮ್ಮೆ ಒಳಗಿನಿಂದ ಮುಚ್ಚಳ ತೆಗೆದು ಒಂದು ಬಟ್ಟಲು ತುಪ್ಪ ತೆಗೆದುಕೊಳ್ಳುತ್ತಿದ್ದಳು, ಮಿಕ್ಕದ್ದು ಅವುಗಳಿಗೇ. ನಾನು ಬಂದ ಕಾರಣ ಕೇಳಿ, ಇಷ್ಟು ಓದಿದ ಮೇಲೂ ಹುಳ ಎಣಿಸುವ ಗತಿ ಬಂತಲ್ಲ ಅಂತ ಮರುಕಪಟ್ಟು ಮೊಸರನ್ನ ಕೊಟ್ಟಳು.

ಹುಚ್ಚೆಳ್ಳಿನ ಕಾಳು ಹೇಗೆ ತುಂಬುತ್ತದೆ ಅಂತ ನಾನು ಕೇಳಿದ್ದಕ್ಕೆ ಮಂಜಿಗೆ ಅಂದಳು. ಮಂಜು ಚೆನ್ನಾಗಿ ಬಿದ್ದ ವರ್ಷ ಕಾಳು, ಬೀಳದ ವರ್ಷ ಜೊಳ್ಳು. ನಾನು ವಾದಕ್ಕಿಳಿಯದೆ ಅವಳ ಅಟ್ಟದಲ್ಲಿದ್ದ ಹಳೆಯ ನೈಲಾನ್ ಪರದೆ ಕೇಳಿ ಇಸಿದುಕೊಂಡೆ. ರೇಷ್ಮೆ ಮನೆಯವರು ಊಜಿ ನೊಣ ಒಳಗೆ ಬರದ ಹಾಗೆ ಕಿಟಕಿಗೆ ಕಟ್ಟುತ್ತಾರಲ್ಲ, ಅದು. ಹೊಲದಲ್ಲಿ ನಾಲ್ಕು ಗೂಟ ನೆಟ್ಟು ಒಂದಷ್ಟು ಗಿಡಗಳನ್ನು ಅದರೊಳಗೆ ಮುಚ್ಚಿದೆ. ಮಂಜು ಒಳಗೆ ಹೋಗಬಹುದು, ಜೇನು ಹೋಗಬಾರದು. ಹೂವಿಗೆ ಸೊಳ್ಳೆ ಪರದೆ ಕಟ್ಟಿದ ಮೇಡಮ್ಮು ಅಂತ ಆ ವಾರವೇ ನನಗೆ ಹೆಸರು ಬಿತ್ತು.

ಇನ್ನು ಗುರುತಿನ ಕೆಲಸ. ಈ ಗೋಡೆಯ ಹುಳ ಯಾವುದು, ಬೇರೆ ಕಡೆಯ ಹುಳ ಯಾವುದು ತಿಳಿಯಬೇಕಾದರೆ ಬೆನ್ನಿಗೆ ಬಣ್ಣದ ಚುಕ್ಕೆ ಇಡಬೇಕು. ಹೊರದೇಶದ ಬಣ್ಣ ಬರುತ್ತದೆ ಅಂತ ನಮ್ಮ ಗೈಡ್ ಮೇಷ್ಟ್ರು ಹೇಳಿದ್ದರು. ಆ ಬಣ್ಣ ಇವತ್ತಿಗೂ ಬರುತ್ತಲೇ ಇದೆ. ಮೊದಲು ಪೋಸ್ಟರ್ ಬಣ್ಣ ಹಚ್ಚಿದೆ, ಬೆಳಗಿನ ಮಂಜಿಗೆ ತೊಳೆದುಹೋಯಿತು. ತಂಗಿಯ ಉಗುರುಬಣ್ಣ ಕದ್ದು ತಂದು ಹಚ್ಚಿದೆ, ದಪ್ಪವಾಗಿ ರೆಕ್ಕೆಗೆ ಅಂಟಿ ಎರಡು ಹುಳ ಹಾರಲಾರದೆ ಸತ್ತವು. ಆವತ್ತು ನನಗೆ ಊಟ ಸೇರಲಿಲ್ಲ. ಪುಟ್ಟತಾಯಮ್ಮ ಆ ಎರಡನ್ನೂ ತುಳಸಿ ಬುಡಕ್ಕೆ ಹಾಕಿ, ಅಂಟೋ ಬಣ್ಣ ಬೇಕಾದರೆ ಚನ್ನಪಟ್ಟಣದ ಗೊಂಬೆಯವರನ್ನು ಕೇಳು, ಮಕ್ಕಳು ಬಾಯಲ್ಲಿಟ್ಟುಕೊಂಡು ಚೀಪಿದರೂ ಹೋಗದ ಬಣ್ಣ ಅವರದು ಅಂದಳು. ಇಷ್ಟು ಓದಿದವಳಿಗೆ ಹೊಳೆಯದ ಮಾತು ಅದು.

ರಾಮನಗರಕ್ಕೊಂದು ಬಸ್ಸು, ಅಲ್ಲಿಂದ ಚನ್ನಪಟ್ಟಣಕ್ಕೊಂದು ಬಸ್ಸು. ಕೇಳಿಕೊಂಡು ಹೋದಾಗ ಸಿಕ್ಕವರು ಖಾದರ್ ಸಾಹೇಬರು. ಮುತ್ತಾತನ ಕಾಲದಿಂದ ಗೊಂಬೆ ಕಡೆಯುವ ಮನೆತನ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ಹತ್ತಿಕೊಳ್ಳುತ್ತದೆ, ಮೇಲೆ ಕೇದಗೆ ಗರಿಯಲ್ಲಿ ಉಜ್ಜಿದರೆ ಮುಖ ಕಾಣುವಷ್ಟು ಹೊಳಪು. ನಾನು ಒಂದೇ ಉಸಿರಿಗೆ ನನ್ನ ಕಷ್ಟ ಹೇಳಿಕೊಂಡೆ. ಅವರು ಕೆಲಸ ನಿಲ್ಲಿಸದೆ ಕೇಳಿ, ನಿಧಾನವಾಗಿ ಅಂದರು:

“ಎಲ್ಲಾ ಸರಿ ತಾಯಿ. ಜೇನುಹುಳನ ಈ ಮಿಷನ್ನಿಗೆ ಹಾಕಿ ಹೆಂಗೆ ತಿರುಗ್ಸೋದು?”

ಅಲ್ಲಿದ್ದವರೆಲ್ಲ ನಕ್ಕರು. ನನ್ನ ಮೂಗು ಕೆಂಪಾಯಿತು. ಆದರೆ ಅವರು ತಮಾಷೆಗೆ ಮುಗಿಸುವ ಮನುಷ್ಯರಲ್ಲ. ಬರುವ ವಾರ ಬಾ ಅಂದರು. ಹೋದಾಗ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಣ್ಣ ಬೆರೆಸಿ, ತೆಳ್ಳಗೆ ಸೋಸಿ ಇಟ್ಟಿದ್ದರು. ಹಚ್ಚಿದರೆ ಎರಡು ಉಸಿರು ಎಳೆಯುವಷ್ಟರಲ್ಲಿ ಒಣಗುತ್ತಿತ್ತು. ಕುಂಚಕ್ಕೆ ಕೇದಗೆ ಗರಿಯ ತುದಿಯನ್ನೇ ಸೂಜಿಯಷ್ಟು ಸಣ್ಣಗೆ ಸೀಳಿದ್ದರು. ಇದನ್ನೆಲ್ಲ ಇಡುವುದಕ್ಕೆ ಕಡೆದದ್ದು ಈ ಡಬ್ಬಿ. ನಮ್ಮ ಬಣ್ಣ ದೇಶವೆಲ್ಲ ಸುತ್ತಿದೆ, ಹೂವಿನ ಮೇಲೆ ಮಾತ್ರ ಕೂತಿರಲಿಲ್ಲ, ಅದೂ ಆಗಲಿ ಅಂದರು. ಅರಗು ಕೂಡ ಒಂದು ಹುಳದ್ದೇ ಕೆಲಸ ಅಂತ ನನಗೆ ಗೊತ್ತಾದದ್ದು ಅವತ್ತು, ಅವರ ಬಾಯಿಂದ. ಕೀಟಶಾಸ್ತ್ರ ಓದುತ್ತಿದ್ದವಳು ನಾನು.

ಬೊಟ್ಟಿಡುವ ಸಂಭ್ರಮ ನೋಡಬೇಕಿತ್ತು ನೀವು. ಗೋಡೆಯ ತೂತಿನ ಹತ್ತಿರ ಒಂದು ತಟ್ಟೆಯಲ್ಲಿ ಸಕ್ಕರೆ ನೀರು. ಹುಳ ಬಂದು ಮೂತಿ ಇಟ್ಟು ಮೈಮರೆತಾಗ ಬೆನ್ನಿನ ಮೇಲೆ ಒಂದು ಚುಕ್ಕೆ, ದಿನಕ್ಕೊಂದು ಬಣ್ಣ. ಗೈಡ್ ಮೇಷ್ಟ್ರು ಒಂದು ಮಾತು ಸಾವಿರ ಸಲ ಹೇಳಿದ್ದರು: ಜೇನಿನ ಮೇಲೆ ಉಸಿರು ಬಿಡಬೇಡಿ. ಮನುಷ್ಯನ ಉಸಿರು ತಾಗಿದರೆ ಅದಕ್ಕೆ ರೇಗುತ್ತದೆ, ಕಚ್ಚುತ್ತದೆ. ನನ್ನ ಮೂಗಿಗೆ ಹಳೆಯ ನೆನಪಿತ್ತಲ್ಲ, ಆ ಮಾತನ್ನು ಅಕ್ಷರಶಃ ಪಾಲಿಸಿದೆ. ಪ್ರತಿ ಹುಳಕ್ಕೂ ಉಸಿರು ಬಿಗಿಹಿಡಿದು, ಕಣ್ಣು ಹೊರಬರುವ ಹಾಗೆ ಬಗ್ಗಿ, ಬೊಟ್ಟಿಟ್ಟು, ನಾಲ್ಕು ಹೆಜ್ಜೆ ಹಿಂದಕ್ಕೋಡಿ ಬಂದು ಉಸಿರು ಬಿಡುವುದು. ಇಪ್ಪತ್ತು ಹುಳ ಆಗುವಷ್ಟರಲ್ಲಿ ತಲೆ ತಿರುಗುತ್ತಿತ್ತು. ಪುಟ್ಟತಾಯಮ್ಮ ಮೊರದಲ್ಲಿ ರಾಗಿ ಕೇರುತ್ತಾ ಇದನ್ನೆಲ್ಲ ನೋಡುತ್ತಿದ್ದಳು.

ಹೊಲದಲ್ಲಿ ಎಣಿಸುವುದಕ್ಕೆ ಅವಳೂ ಬಂದಳು. ನಾನು ಒಂದು ಸಾಲು, ಅವಳೊಂದು ಸಾಲು. ನನ್ನದು ನೋಟುಬುಕ್ಕು, ಅವಳದು ಮಡಿಲಲ್ಲಿ ಹುಣಸೆಬೀಜ. ಕೆಂಪು ಬೊಟ್ಟಿನ ಹುಳ ಬಂದರೆ ಬಲಗಡೆ ಒಂದು ಬೀಜ, ಹಳದಿಗೆ ಎಡಗಡೆ. ನನ್ನ ಲೆಕ್ಕ ಎಷ್ಟೋ ಸಲ ತಪ್ಪಿದೆ, ಅವಳದು ಒಂದು ದಿನವೂ ತಪ್ಪಲಿಲ್ಲ. ಹುಚ್ಚೆಳ್ಳಿಗೆ ಬಂದ ಹುಳ ಆ ಸುತ್ತಿನಲ್ಲಿ ಪಕ್ಕದ ಸಾಸಿವೆಯ ಕಡೆ ತಿರುಗಿಯೂ ನೋಡುವುದಿಲ್ಲ ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಅವಳು ಎರಡನೇ ದಿನಕ್ಕೇ ಅದನ್ನು ಕಂಡುಹಿಡಿದು, ಇವು ನಮ್ಮೂರ ಗಂಡಸರಂತಲ್ಲ, ಒಂದು ಮನೆಗೆ ಹೊರಟರೆ ಆ ಮನೆಗೇ ಹೋಗ್ತವೆ ಅಂದಳು. ಹದಿನಾಲ್ಕನೆಯದಾಗಿ ಹಸಿರು ಬೊಟ್ಟಿಟ್ಟ ಒಂದು ಹುಳ, ಬೊಟ್ಟು ಸೊಟ್ಟಗೆ ಬಿದ್ದದ್ದರಿಂದ ಗುರುತು ಸಿಗುತ್ತಿದ್ದದ್ದು, ದಿನಾ ಬಿಸಿಲೇರುವ ಹೊತ್ತಿಗೆ ಅದೇ ಮೂಲೆಯ ಗಿಡಗಳಿಗೆ ಬರುತ್ತಿತ್ತು. ಅದಕ್ಕೆ ತನ್ನ ವಾರಗಿತ್ತಿಯ ಹೆಸರಿಟ್ಟಿದ್ದಳು. ನಾನು ಪ್ರಬಂಧದಲ್ಲಿ ಅದನ್ನು ಹಸಿರು ಹದಿನಾಲ್ಕು ಅಂತ ಬರೆದೆ.

ಮೂರು ವಾರ ಹೀಗೆ ಸುಖವಾಗಿ ಕಳೆಯಿತು. ಎಡವಟ್ಟಾದದ್ದು ನಾಲ್ಕನೆಯ ವಾರ.

ಪುಟ್ಟತಾಯಮ್ಮನ ಭಾವ ಸಿದ್ದಪ್ಪನ ಮನೆ ಅದೇ ಹಿತ್ತಿಲಿನ ಆ ಬದಿಗೆ. ಅವನದೂ ರೇಷ್ಮೆ. ಕೊಯ್ದು ತಂದ ಸೊಪ್ಪು ಬಾಡಬಾರದು ಅಂತ ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸುವುದು ಎಲ್ಲರ ಪದ್ಧತಿ. ಜೇನಿಗೆ ಹೂವಿನಷ್ಟೇ ನೀರೂ ಬೇಕು. ಒದ್ದೆ ಗೋಣಿ ಕಂಡರೆ ಬಂದು ಹೀರುತ್ತದೆ. ಒಂದು ಬೆಳಗ್ಗೆ ಸಿದ್ದಪ್ಪ ಗೋಣಿ ಎತ್ತಲು ಹೋದಾಗ ಅದರ ಮೇಲೆ ಏಳೆಂಟು ಜೇನುಹುಳ, ಎಲ್ಲದರ ಮೈಮೇಲೂ ಚುಕ್ಕೆ.

ಬೇರೆ ಊರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರೇನೋ. ರೇಷ್ಮೆ ಸಾಕುವ ಊರಿನಲ್ಲಿ ಚುಕ್ಕೆ ಅಂದರೆ ನಗುವ ಮಾತಲ್ಲ. ಗಂಟುರೋಗ ಬಂದ ರೇಷ್ಮೆಹುಳದ ಮೈಮೇಲೆ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ ಬೀಳುತ್ತವೆ. ಒಮ್ಮೆ ಕಂಡರೆ ಮುಗಿಯಿತು, ಇಡೀ ಸಾಕಣೆಯನ್ನು ಸುಡಬೇಕು, ಮನೆಗೆಲ್ಲ ಮದ್ದು ಹೊಡೆಯಬೇಕು. ಹಿಂದಿನ ಬೆಳೆಯಲ್ಲಿ ಸಿದ್ದಪ್ಪ ತನ್ನ ಹುಳವನ್ನೆಲ್ಲ ಗುಂಡಿಗೆ ಸುರಿದು ತಾನೇ ಬೆಂಕಿ ಇಟ್ಟಿದ್ದ. ಇದು ನನಗೆ ಗೊತ್ತಿರಲಿಲ್ಲ. ಕೇಳಬೇಕು ಅಂತಲೂ ಅನ್ನಿಸಿರಲಿಲ್ಲ.

ನಾನು ಆವತ್ತು ಬಸ್ಸಿಳಿದು ಬರುವಷ್ಟರಲ್ಲಿ ಹಿತ್ತಿಲಲ್ಲಿ ಹತ್ತು ಜನ. ಸಿದ್ದಪ್ಪನ ಕೈಯಲ್ಲಿ ಸೀಮೆಎಣ್ಣೆ ಡಬ್ಬ, ಇನ್ನೊಬ್ಬನ ಹತ್ತಿರ ತೆಂಗಿನ ಗರಿಯ ಸೂಡು. ಗೋಡೆಯ ಮಡಕೆಗೆ ಬೆಂಕಿ ಇಡುವುದಕ್ಕೆ ನಿಂತಿದ್ದರು. ನನಗೆ ತಲೆಗೇರಿತು. ಅದು ರೋಗವಲ್ಲ, ನಾನೇ ಹಚ್ಚಿದ್ದು ಅಂತ ಕೂಗಿದೆ. ಎಂಥ ಬುದ್ಧಿವಂತೆ ನೋಡಿ. ಹಾಗಾದರೆ ರೋಗ ತಂದವಳೇ ಇವಳು ಅಂತ ಯಾರೋ ಹಿಂದಿನಿಂದ ಅಂದರು. ನಾನು ಇನ್ನೂ ರೇಗಿ ಮೈಕ್ರೋಸ್ಕೋಪು, ಸ್ಪೋರು, ಇನ್‌ಫೆಕ್ಷನ್ನು ಅಂತ ಕಾಲೇಜಿನ ಮಾತೆಲ್ಲ ತೆಗೆದೆ. ಡಬ್ಬಿ ತೆಗೆದು ತೋರಿಸಿದೆ. ಒಂದೊಂದು ಮಾತಿಗೂ ಅವರ ಮುಖ ಇನ್ನಷ್ಟು ಬಿಗಿಯಾಯಿತು. ಸಿದ್ದಪ್ಪ ಮಾತ್ರ ದನಿ ಏರಿಸಲಿಲ್ಲ.

“ನೀನು ಓದಿರೋಳು ಕಣಮ್ಮಣ್ಣಿ, ಇಲ್ಲ ಅನ್ನಾಕಿಲ್ಲ. ನಾನು ಸುಟ್ಟಿರೋನು. ಹೋದ ಬೆಳೇಲಿ ಗುಂಡಿ ಮುಂದೆ ನಿಂತಿದ್ದೋನು ನಾನು, ನೀನಲ್ಲ. ಚುಕ್ಕೆ ಬಿದ್ದ ಹುಳ ನನ್ನ ಸೊಪ್ಪಿನ ಮ್ಯಾಲೆ ಕುಂತದೆ. ಹೆಂಗೆ ಬುಡ್ಲಿ?”

ಎರಡು ವಾರದ ಕೆಲಸ ಇನ್ನೂ ಬಾಕಿ ಇತ್ತು, ಗೂಡು ಹೋದರೆ ನನ್ನ ವರ್ಷವೂ ಹೋಯಿತು. ಅದಕ್ಕಿಂತ ಆ ಮಡಕೆಯೊಳಗಿನ ಸಂಸಾರ ನನ್ನ ಬೊಟ್ಟಿನಿಂದ ಸಾಯುತ್ತದಲ್ಲ ಅಂತ ಗೋಡೆಯ ತೂತಿಗೆ ಅಡ್ಡ ನಿಂತೆ. ಅಷ್ಟರಲ್ಲಿ ಪುಟ್ಟತಾಯಮ್ಮ ಭಾವನ ಅಂಗಳಕ್ಕೆ ನಡೆದು, ಆ ಒದ್ದೆ ಗೋಣಿಯ ಕೆಳಗಿನ ಸೊಪ್ಪನ್ನು ಎರಡು ಕೈಯಲ್ಲೂ ಬಾಚಿ ತಬ್ಬಿಕೊಂಡು ಬಂದಳು. ಒಳಗೆ ಅವಳ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಹುಳ ಪೊರೆ ಬಿಡುವುದಕ್ಕೆ ಆ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಮೇಯ್ದರೆ ರೇಷ್ಮೆಗೂಡು. ಬೆಳೆ ಕೈಗೆ ಬರುವ ಹೊತ್ತು. ಅವಳು ಬಾಗಿಲಿನಲ್ಲಿ ನಿಂತು ತಿರುಗಿದಳು.

“ಈ ಸೊಪ್ಪ ನನ್ನ ಹುಳಕ್ಕೆ ಹಾಕ್ತೀನಿ ಭಾವ. ಎಲ್ಲಾ ತಟ್ಟೆಗೂ ಹಾಕ್ತೀನಿ. ಗೂಡು ಕಟ್ಟಿದ್ರೆ ಜೇನು ಇರ್ಲಿ. ಒಂದು ಚುಕ್ಕೆ ಕಂಡ್ರೆ ಹುಳನೂ ಸುಡ್ತೀನಿ, ಜೇನೂ ಸುಡ್ತೀನಿ. ಅಲ್ಲೀಗಂಟ ಆ ಸೂಡ ಕೆಳೀಕೆ ಮಡಗು.”

ಅಂದವಳು ಒಳಗೆ ಹೋಗಿ ಹಾಕಿಯೂ ಬಿಟ್ಟಳು. ಸಿದ್ದಪ್ಪ ಸೀಮೆಎಣ್ಣೆ ಡಬ್ಬವನ್ನು ಮನೆಗೆ ತೆಗೆದುಕೊಂಡು ಹೋಗದೆ ಆ ಗೋಡೆಯ ಬುಡದಲ್ಲೇ ಇಟ್ಟು ಹೋದ.

ಮುಂದಿನ ಎಂಟು ದಿನ ನಾನು ಬದುಕಿದ್ದು ಹೇಗೆ ಅಂತ ನನಗೇ ಗೊತ್ತಿಲ್ಲ. ಬಣ್ಣದಿಂದ ರೋಗ ಬರುವುದಿಲ್ಲ, ಅದು ಖಾತ್ರಿ. ಆದರೆ ರೇಷ್ಮೆಹುಳಕ್ಕೆ ಸಾಯುವುದಕ್ಕೆ ನೂರು ಕಾರಣ. ಸೆಕೆಯಾದರೆ ಒಂದು, ಸೊಪ್ಪು ಒದ್ದೆಯಾದರೆ ಒಂದು, ಪಕ್ಕದ ಮನೆಯಲ್ಲಿ ಒಗ್ಗರಣೆ ಘಾಟೆದ್ದರೆ ಇನ್ನೊಂದು. ಏನೇ ಆದರೂ ಹೆಸರು ಜೇನಿನ ಮೇಲೆ ಬರುತ್ತದೆ. ಹೊಲ, ನೋಟುಬುಕ್ಕು ಎಲ್ಲ ಬಿಟ್ಟು ಅವಳ ಮನೆಯಲ್ಲೇ ಉಳಿದೆ. ತಲೆಗೆ ಎಣ್ಣೆ ಹಚ್ಚಬೇಡ ಅಂದಳು, ಬಿಟ್ಟೆ. ಈರುಳ್ಳಿ ತಿನ್ನಬೇಡ ಅಂದಳು, ಅದನ್ನೂ ಬಿಟ್ಟೆ. ಬೆಳಗಿನ ಜಾವಕ್ಕೆ ಎದ್ದು ಸೊಪ್ಪು ಕೊಯ್ದೆ, ತಟ್ಟೆ ಬಳಿದೆ, ಹಿಕ್ಕೆ ತೆಗೆದೆ. ಮಧ್ಯೆ ಮಧ್ಯೆ ಭೂತಗನ್ನಡಿ ಹಿಡಿದು ಒಂದೊಂದೇ ಹುಳದ ಮೈ ನೋಡುತ್ತಿದ್ದೆ. ಹೆಣ್ಣು ನೋಡಲು ಬಂದವರೂ ಇಷ್ಟು ನೋಡುವುದಿಲ್ಲ ಅಂತ ಪುಟ್ಟತಾಯಮ್ಮ ನಗುತ್ತಿದ್ದಳು. ಎಲ್ಲ ಪಣಕ್ಕಿಟ್ಟವಳು ಅವಳು, ನಡುಗುತ್ತಿದ್ದವಳು ನಾನು.

ಸಿದ್ದಪ್ಪ ದಿನಾ ಬೆಳಗ್ಗೆ ಬಂದು ಹೊಸ್ತಿಲಾಚೆ ನಿಲ್ಲುತ್ತಿದ್ದ. ಇನ್ನೊಬ್ಬರ ಹುಳದ ಮನೆಯೊಳಗೆ ಕಾಲಿಡಬಾರದು ಅನ್ನುವ ನೇಮ ಇದೆಯಲ್ಲ, ಅದನ್ನು ಮೀರಲಿಲ್ಲ. ಪುಟ್ಟತಾಯಮ್ಮ ಒಂದು ತಟ್ಟೆಯನ್ನು ಬಾಗಿಲಿಗೆ ತಂದು ತೋರಿಸುವಳು. ಅವನು ನೋಡುವನು, ಹೋಗುವನು. ನಾಲ್ಕನೆಯ ದಿನ ಮೂರು ಹುಳ ಮೆತ್ತಗಾಗಿ ಸತ್ತು ಬಿದ್ದಿದ್ದವು. ಅವಳು ಅವನ್ನು ಬೆರಳಲ್ಲಿ ಹಿಸುಕಿ ನೋಡಿ, ಇದು ಸಪ್ಪೆ ರೋಗ, ಗಂಟಲ್ಲ, ಯಾವಾಗಲೂ ನಾಲ್ಕು ಸಾಯುತ್ತವೆ ಅಂತ ಸುಣ್ಣದ ನೀರಿಗೆ ಹಾಕಿದಳು. ಆ ದಿನವೂ ಸಿದ್ದಪ್ಪನಿಂದ ಬಚ್ಚಿಡದೆ ಆ ಮೂರನ್ನೂ ತೋರಿಸಿದಳು. ಅವನೂ ಮೂಸಿ ನೋಡಿ, ಸಪ್ಪೆಯೇ ಅಂದ.

ಆರನೆಯ ದಿನ ಅವಳ ತೋಟದ ಸೊಪ್ಪು ಮುಗಿಯುತ್ತಾ ಬಂತು. ಕೊನೆಯ ದಿನಗಳಲ್ಲಿ ಹುಳದ ಹಸಿವು ಅಂದರೆ ರಾಕ್ಷಸ ಹಸಿವು, ಹಾಕಿದ ಸೊಪ್ಪು ಮಳೆ ಬಿದ್ದ ಸದ್ದು ಮಾಡಿ ಮಾಯವಾಗುತ್ತದೆ. ಅವಳು ಯಾರ ಹತ್ತಿರ ಕೇಳುವುದು ಅಂತ ಯೋಚಿಸುತ್ತಿದ್ದಾಗ ಸಿದ್ದಪ್ಪ ತಲೆಯ ಮೇಲೆ ಒಂದು ಹೊರೆ ಸೊಪ್ಪು ಹೊತ್ತು ತಂದು ಜಗುಲಿಯ ಮೇಲೆ ಇಳಿಸಿದ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅವನು ನನ್ನ ಕಡೆ ನೋಡದೆ ಅಂದ:

“ಹುಳ ಹಸ್ಕೊಂಡು ಸತ್ರೆ ಅದ ಜೇನಿನ ಮ್ಯಾಲೆ ಹೇಳಕಾಯ್ತದಾ?”

ನ್ಯಾಯ ಅಂದರೆ ಇದು. ಅಲ್ಲಿಯತನಕ ನಾನು ಅವನನ್ನು ಮನಸ್ಸಿನಲ್ಲಿ ಏನೇನು ಬೈದಿದ್ದೆನೋ, ಎಲ್ಲವನ್ನೂ ಅಲ್ಲೇ ಹಿಂದಕ್ಕೆ ತೆಗೆದುಕೊಂಡೆ. ಪ್ರಯೋಗಕ್ಕೆ ಬೇರೆ ಯಾವ ಕೊರತೆಯೂ ಆಗದ ಹಾಗೆ ನೋಡಿಕೊಳ್ಳಬೇಕು ಅಂತ ನಮ್ಮ ಮೇಷ್ಟ್ರು ಎರಡು ವರ್ಷ ಪಾಠ ಮಾಡಿದ್ದರು. ನನಗೆ ಅರ್ಥವಾದದ್ದು ಆ ಹೊರೆ ಸೊಪ್ಪು ಕಂಡಾಗ.

ಎಂಟನೆಯ ದಿನ ಹುಳ ಹಣ್ಣಾದವು. ಮೈ ಹೊಂಬಣ್ಣಕ್ಕೆ ತಿರುಗಿ ತಲೆ ಎತ್ತಿ ಆಡಿಸತೊಡಗಿದವು. ಒಂದೊಂದಾಗಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಮೂರು ದಿನದಲ್ಲಿ ಚಂದ್ರಿಕೆ ತುಂಬ ಗೂಡು. ಐದನೆಯ ದಿನ ಸಿದ್ದಪ್ಪ ಬಂದ, ಈ ಸಲ ಪುಟ್ಟತಾಯಮ್ಮ ಒಳಗೆ ಕರೆದಳು. ಅವನು ಒಂದು ಗೂಡು ಬಿಡಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಕೋಶ ಟಕಟಕ ಅಂದಿತು, ಹುಳ ಗಟ್ಟಿ ಅಂತ ಅರ್ಥ. ಇನ್ನೊಂದು, ಮತ್ತೊಂದು. ಆಮೇಲೆ ಹೊರಗೆ ಹೋಗಿ ಗೋಡೆಯ ಬುಡದಲ್ಲಿದ್ದ ಸೀಮೆಎಣ್ಣೆ ಡಬ್ಬ ಎತ್ತಿಕೊಂಡು ಮನೆಗೆ ನಡೆದ. ಮಾರನೆಯ ದಿನ ಗೋಣಿಯ ಪಕ್ಕ ಒಂದು ಹಳೆಯ ಬಾನಿಯಲ್ಲಿ ನೀರಿಟ್ಟು, ಜೇನು ಕೂರುವುದಕ್ಕೆ ಅದರಲ್ಲಿ ನಾಲ್ಕು ಬೆಂಡು ತೇಲಿಸಿದ್ದ.

ಹುಚ್ಚೆಳ್ಳು ಕೊಯ್ಲಿಗೆ ಬಂತು. ಪರದೆಯೊಳಗಿನ ಗಿಡ, ಹೊರಗಿನ ಗಿಡ ಬೇರೆ ಬೇರೆ ಬಡಿದು ಎರಡು ಮೊರದಲ್ಲಿ ಹಾಕಿದೆ. ಪುಟ್ಟತಾಯಮ್ಮ ತೂರಿದಳು. ಹೊರಗಿನದು ಕರಿಮುತ್ತಿನ ಹಾಗೆ ಮೊರದಲ್ಲಿ ನಿಂತಿತು. ಒಳಗಿನದು ಮುಕ್ಕಾಲು ಪಾಲು ಗಾಳಿಗೆ ಹಾರಿಹೋಯಿತು. ಅವಳು ಬರಿದಾದ ಮೊರವನ್ನು ತಿರುಗಿಸಿ ನೋಡಿ, ಹಾಗಾದರೆ ಮಂಜಲ್ಲ, ಇವುಗಳೇ ಅಂದಳು. ಆ ವರ್ಷದ ಜೇನುತುಪ್ಪ ಬಟ್ಟಲಿಗೆ ತೆಗೆಯದೆ ಬಾಟಲಿಗೆ ತುಂಬಿ, ಬಣ್ಣದ ಸಾಹೇಬರಿಗೆ ಕೊಟ್ಟು ಬಾ ಅಂತ ನನ್ನ ಕೈಗಿತ್ತಳು. ಖಾದರ್ ಸಾಹೇಬರು ನಡೆದದ್ದನ್ನೆಲ್ಲ ಕೇಳಿ, ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ, ನಮ್ಮ ಬಣ್ಣ ಬಿಟ್ಟಿಲ್ಲ ತಾನೆ ಅಂತ ಕೇಳಿದರು. ಬಿಟ್ಟಿರಲಿಲ್ಲ.

ಹೊರಡುವ ದಿನ ನಾನು ಪುಟ್ಟತಾಯಮ್ಮನನ್ನು ಕೇಳಿದೆ. ಎಲ್ಲಿಂದಲೋ ಬಂದವಳನ್ನು ನಂಬಿ ಮನೆಯ ಬೆಳೆಯನ್ನೆಲ್ಲ ಒಡ್ಡಿದೆಯಲ್ಲ, ಯಾವ ಧೈರ್ಯದ ಮೇಲೆ ಅಂತ. ಅವಳು ಹೇಳಿದ್ದು ಇಷ್ಟು:

“ಅದಕ್ಕೆ ಬೊಟ್ಟಿಡೋವಾಗ ನೋಡ್ತಿದ್ನಲ್ಲ. ಎಲ್ಲಿ ನೊಂದ್ಕತದೋ ಅಂತ ಉಸುರು ಸೈತ ಬುಡ್ದೆ ಬಗ್ಗಿರ್ತಿದ್ದೆ. ಅಷ್ಟು ಜೋಪಾನ ಇರೋಳು ರೋಗ ತಂದಾಳಾ?”

ನಾನು ಏನು ಹೇಳಲಿ? ಕಚ್ಚುತ್ತದೆ ಅಂತ ಹೆದರಿ ಉಸಿರು ಹಿಡಿದೆ ಅನ್ನಲೇ? ನನ್ನ ಮೂಗಿನ ಚಿಂತೆಯಿಂದ ಹಿಡಿದ ಉಸಿರಿನ ಮೇಲೆ ಅವಳು ಒಂದು ಬೆಳೆಯನ್ನೇ ಪಣಕ್ಕಿಟ್ಟಿದ್ದಳು. ತಲೆ ತಗ್ಗಿಸಿ ಬಸ್ಸು ಹತ್ತಿದೆ. ಪ್ರಬಂಧದ ಮೊದಲ ಪುಟದಲ್ಲಿ ಮೇಷ್ಟ್ರಿಗೆ, ಕಾಲೇಜಿಗೆ, ಟೈಪಿಸ್ಟಿಗೆ ಕೃತಜ್ಞತೆ ಬರೆದೆ. ಅವಳ ಹೆಸರು ಬರೆಯಲು ಹೋದಾಗ ಪೆನ್ನು ನಿಂತಿತು, ಸುಳ್ಳಿಗೆ ಸಹಿ ಹಾಕಿದ ಹಾಗಾಗುತ್ತದೆ ಅನ್ನಿಸಿತು. ಬರೆಯಲಿಲ್ಲ. ಅದೇ ದೊಡ್ಡ ತಪ್ಪು.

ಮೇಷ್ಟ್ರಗಿತ್ತಿಯಾದ ಮೇಲೆ ವರ್ಷ ವರ್ಷವೂ ಹುಡುಗರಿಗೆ ಅದೇ ಪಾಠ ಹೇಳಿದೆ, ಜೇನಿನ ಮೇಲೆ ಉಸಿರು ಬಿಡಬೇಡಿ. ಹೇಳುವಾಗಲೆಲ್ಲ ಆ ಹಿತ್ತಿಲು ಕಣ್ಣಿಗೆ ಕಟ್ಟುತ್ತಿತ್ತು. ಹಾಗೆ ಹನ್ನೆರಡು ವರ್ಷ ತಡೆದುಕೊಂಡು, ತಡೆಯಲಾರದೆ ಒಂದು ಭಾನುವಾರ ಅವಳ ಮನೆಗೆ ಹೋದೆ. ಕೂದಲು ನೆರೆತಿತ್ತು, ಕೈ ಅಷ್ಟೇ ಗಟ್ಟಿ. ಗೋಡೆಯ ತೂತಿನಲ್ಲಿ ಹುಳ ಓಡಾಡುತ್ತಿದ್ದವು. ಮೊಸರನ್ನ ತಿಂದು ಮುಗಿಸುವ ಮೊದಲೇ ಎಲ್ಲ ಹೇಳಿಬಿಟ್ಟೆ. ಅದು ಜೋಪಾನವಲ್ಲ ಪುಟ್ಟತಾಯಮ್ಮ, ಬರೀ ಹೆದರಿಕೆ ಅಂದೆ. ಹೇಳುತ್ತಾ ಹೇಳುತ್ತಾ ಅಳುವೂ ಬಂತು.

ಅವಳು ನೀರಿನ ಚೊಂಬು ನನ್ನ ಕಡೆ ಸರಿಸಿದಳು. ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

“ಗೊತ್ತು ಕಣವ್ವ. ನಾಕು ಹೆಜ್ಜೆ ಹಿಂದುಕ್ಕೆ ಓಡ್ತಿದ್ಯಲ್ಲ, ಅದ ಕಂಡಿಲ್ವಾ ನಾನು? ಹೆದ್ರಿ ಹಿಡ್ಕೊಂಡ್ರೇನು, ಪ್ರೀತೀಲಿ ಹಿಡ್ಕೊಂಡ್ರೇನು, ಹುಳಕ್ಕೆ ನೋವಾಗ್ಲಿಲ್ವಲ್ಲ. ಓಡೋದೋಳು ತಿರ್ಗಾ ಬಂದು ಇನ್ನೊಂದಕ್ಕೆ ಬಗ್ತಿದ್ದೆ. ನಾನು ನಂಬಿದ್ದು ಅದ್ನೇ. ಉಣ್ಣು, ಅನ್ನ ಆರೋಯ್ತದೆ.”

ಉಂಡೆ. ಎರಡನೆಯ ಸಲವೂ ಬಡಿಸಿಕೊಂಡು ಉಂಡೆ.

ಸ್ಕ್ರೂ ಕೊನೆಗೂ ಸಿಗಲಿಲ್ಲ. ಕನ್ನಡಕ ಮುರುಕಾಗಿಯೇ ಇದೆ, ಅದರ ಕಾಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಇಷ್ಟು ಬರೆದಿದ್ದೇನೆ. ಪ್ರಬಂಧದ ಹಳೆಯ ಪ್ರತಿಯೂ ಅದೇ ಖಾನೆಯಲ್ಲಿತ್ತು. ಮೊದಲ ಪುಟ ತೆಗೆದು, ಟೈಪಿಸ್ಟರ ಹೆಸರಿನ ಕೆಳಗೆ ಉಳಿದಿದ್ದ ಜಾಗದಲ್ಲಿ, ಕಾಣಿಸಿದಷ್ಟು ಮಟ್ಟಿಗೆ ನೆಟ್ಟಗೆ, ಪುಟ್ಟತಾಯಮ್ಮ ಅಂತ ಬರೆದೆ. ಅದರ ಕೆಳಗೆ ಖಾದರ್ ಸಾಹೇಬರು, ಸಿದ್ದಪ್ಪ. ಜಾಗ ಇನ್ನೂ ಒಸಿ ಮಿಕ್ಕಿತ್ತು, ಹಸಿರು ಹದಿನಾಲ್ಕು ಅಂತಲೂ ಸೇರಿಸಿದೆ.